ಗ್ಲೆನ್ ಗೂಲ್ಡ್ ಅವರ ಕುರ್ಚಿ, ಲಿಯೋನ್ ಫ್ಲೈಶರ್ ಅವರ ಬೆರಳು

1977ರಲ್ಲಿ ನಾಸಾ ಎರಡು ವೊಯೇಜರ್ ನೌಕೆಗಳನ್ನು ಹಾರಿಸಿತು. ಒಂದು ಆಗಸ್ಟ್ 20ರಂದು, ಇನ್ನೊಂದು ಸೆಪ್ಟೆಂಬರ್ 5ರಂದು. ಎರಡರಲ್ಲೂ ಚಿನ್ನದ ಲೇಪನದ ಒಂದೊಂದು ಧ್ವನಿತಟ್ಟೆ ಇದೆ. ಅದರಲ್ಲಿ ಹಿಂದುಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ, 'ಜಾತ್ ಕಹಾಂ ಹೋ', ಇದೆ ಅನ್ನುವುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುತ್ತದೆ. ಅವರು ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಅದೇ ಖಾನರ ಮಕ್ಕಳ ಹತ್ತಿರ ಕಲಿತವರು, ಹಾಗಾಗಿ ಆ ಘರಾಣೆಯ ಪರಿಚಯ ಈ ಸಭೆಗೆ ಬೇಕಿಲ್ಲ. ಎರಡನೇ ನೌಕೆ ಹಾರಿದ ಹನ್ನೊಂದು ದಿನಕ್ಕೆ ಕೇಸರ್‌ಬಾಯಿ ತೀರಿಕೊಂಡರು.

ಅದೇ ತಟ್ಟೆಯಲ್ಲಿ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ನುಡಿಸಿದ, ಜರ್ಮನ್ ರಚನಕಾರ ಬಾಖ್‌ನ ಸಂಗೀತ ಕೂಡ ಇದೆ. ಭೂಮಿಯ ಮೇಲೆ ಮನುಷ್ಯರು ಎಷ್ಟು ಚೆನ್ನಾಗಿ ನುಡಿಸಬಲ್ಲರು ಎಂದು ತೋರಿಸಲು ಆರಿಸಿದ ಕೈ ಅದು. ಆ ಕೈ ಬಾಹ್ಯಾಕಾಶಕ್ಕೆ ಹೊರಟ ತಿಂಗಳುಗಳಲ್ಲೇ, ಟೊರಾಂಟೊದ ಮನೆಯಲ್ಲಿ ಕೂತಿದ್ದ ಗೂಲ್ಡ್ ಅವರಿಗೆ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಯಾರಿಗೂ ಹೇಳದೆ ಒಂದು ನೋಟ್‌ಬುಕ್ಕಿನಲ್ಲಿ ದಿನದಿನದ ಲೆಕ್ಕ ಬರೆಯುತ್ತಿದ್ದರು.

ಕೇಸರ್‌ಬಾಯಿ, ಗೂಲ್ಡ್ ಇಬ್ಬರೂ ಹಟಮಾರಿಗಳೇ. ಕೇಸರ್‌ಬಾಯಿಗೆ ರೇಡಿಯೊ, ರೆಕಾರ್ಡಿಂಗ್ ಎಂದರೆ ಅಷ್ಟಕ್ಕಷ್ಟೆ. ಎದುರಿಗೆ ಕೂತ ರಸಿಕ ಬೇಕು. ಗೂಲ್ಡ್‌ಗೆ ಎದುರಿಗೆ ಕೂತವರೇ ಬೇಡ, ಮೈಕು ಸಾಕು. ನೋಡಲು ತದ್ವಿರುದ್ಧ, ಆದರೆ ಇಬ್ಬರ ತಕರಾರೂ ಒಂದೇ: ನನ್ನ ಮನಸ್ಸಿನಲ್ಲಿರುವ ಸಂಗೀತ ಕೆಡುವ ಜಾಗಕ್ಕೆ ನಾನು ಹೋಗುವುದಿಲ್ಲ. ಇಷ್ಟರ ಮಟ್ಟಿಗೆ ಈ ಹಟ ಕಲಾವಿದರಿಗೆ ಬೇಕು ಅನ್ನುವವನು ನಾನು. ನನ್ನ ಮಾತಿರುವುದು ಮುಂದಿನದರ ಬಗ್ಗೆ. ಈ ಹಟ ಸ್ವರದ ಹತ್ತಿರವೇ ನಿಲ್ಲುವುದಿಲ್ಲ. ಕುರ್ಚಿಗೆ ಬರುತ್ತದೆ, ಕೋಣೆಯ ಬಿಸಿಗೆ ಬರುತ್ತದೆ, ಸ್ನೇಹಿತರ ಮೇಲೆ ಬರುತ್ತದೆ, ಕೊನೆಗೆ ಸ್ವಂತ ಮೈಮೇಲೇ ಏರುತ್ತದೆ.

ಕುರ್ಚಿಯಿಂದಲೇ ಶುರು ಮಾಡೋಣ. 1953ರಲ್ಲಿ ಗೂಲ್ಡ್ ಅವರ ತಂದೆ ಒಂದು ಮಡಚುವ ಮರದ ಕುರ್ಚಿಯ ಕಾಲು ಕತ್ತರಿಸಿ, ಎತ್ತರ ಹೊಂದಿಸಲು ತಿರುಪು ಹಾಕಿಕೊಟ್ಟರು. ನೆಲದಿಂದ ಹದಿನಾಲ್ಕೇ ಇಂಚು. ಅದರಲ್ಲಿ ಕೂತರೆ ಮೊಣಕಾಲು ಮೇಲೆ, ಮೂಗು ಪಿಯಾನೊದ ಮನೆಗಳ, ಅಂದರೆ ಬೆರಳಿಂದ ಒತ್ತುವ ಪಟ್ಟಿಗಳ, ಹತ್ತಿರ. ಮಗನಿಗೆ ಹಾಗೇ ಬೇಕಿತ್ತು: ತೋಳಿನ ಭಾರ ಬೀಳಬಾರದು, ಬೆರಳೊಂದೇ ಕೆಲಸ ಮಾಡಬೇಕು, ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಬೇಕು. ಅಲ್ಲಿಂದ ಮುಂದೆ ಆ ಕುರ್ಚಿಯಿಲ್ಲದೆ ಗೂಲ್ಡ್ ನುಡಿಸಲೇ ಇಲ್ಲ. ಮಾಸ್ಕೊಗೆ ಹೋಯಿತು, ಲೆನಿನ್‌ಗ್ರಾಡಿಗೆ ಹೋಯಿತು. ಕೂರುವ ಜಾಗದ ಮೆತ್ತೆ ಹರಿದು ಚೂರಾಗಿ, ಬರೀ ಚೌಕಟ್ಟು ಉಳಿದ ಮೇಲೂ ಅದರ ಮೇಲೇ ಕೂತರು.

ಇದನ್ನು ನಾವು ನಗುತ್ತಾ ಹೇಳುತ್ತೇವೆ. 1955ರ ಜೂನ್‌ನಲ್ಲಿ ನ್ಯೂಯಾರ್ಕಿನ ಸ್ಟುಡಿಯೊಗೆ, ಹಳೆಯ ಚರ್ಚಿನ ಕಟ್ಟಡ ಅದು, ಇಪ್ಪತ್ತೆರಡು ವರ್ಷದ ಹುಡುಗ ಬಂದ. ಬಿರು ಬೇಸಿಗೆಯಲ್ಲಿ ಕೋಟು, ಮಫ್ಲರು, ಕೈಗವಸು. ಜೊತೆಗೆ ಕುರ್ಚಿ, ತನ್ನದೇ ಟವೆಲು, ತನ್ನದೇ ಕುಡಿಯುವ ನೀರು, ಮಾತ್ರೆಗಳ ಡಬ್ಬಿಗಳು. ನುಡಿಸುವ ಮೊದಲು ಇಪ್ಪತ್ತು ನಿಮಿಷ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದ. ರೆಕಾರ್ಡಿಂಗ್ ಕಂಪನಿಯೇ ಇದನ್ನೆಲ್ಲ ಪತ್ರಿಕೆಗಳಿಗೆ ಬರೆದು ಕಳಿಸಿತು. ಒಳ್ಳೆ ಪ್ರಚಾರ ನೋಡಿ. ಅಲ್ಲಿ ನುಡಿಸಿದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಮರುವರ್ಷ ಹೊರಬಂದು ಆತನನ್ನು ಜಗತ್ಪ್ರಸಿದ್ಧನನ್ನಾಗಿ ಮಾಡಿತು. ಆ ಕೃತಿಯ ಮೊದಲಿಗೆ ಬರುವ ಚಿಕ್ಕ, ನಿಧಾನವಾದ ಆರಿಯಾ ಇದೆಯಲ್ಲ, ಕಲಿಯುವ ಮಕ್ಕಳೂ ನುಡಿಸುವಂಥದ್ದು, ಅದಕ್ಕೆ ಇಪ್ಪತ್ತು ಟೇಕ್ ತೆಗೆದು ಬಿಸಾಡಿ ಇಪ್ಪತ್ತೊಂದನೆಯದನ್ನು ಒಪ್ಪಿಕೊಂಡೆ ಎಂದು ಗೂಲ್ಡ್ ಆಮೇಲೆ ಬರೆದಿದ್ದಾರೆ. ಕಷ್ಟದ ಭಾಗಕ್ಕಲ್ಲ, ಸುಲಭದ ಭಾಗಕ್ಕೆ ಇಷ್ಟು ಒದ್ದಾಟ. ಬೆರಳು ತಪ್ಪಿದ್ದಕ್ಕಲ್ಲ, ಭಾವ ಸ್ವಲ್ಪ ಹೆಚ್ಚಾಯಿತು ಅನ್ನುವುದಕ್ಕೆ.

ಇಲ್ಲಿ ಒಂದು ಸಂಗತಿ ಸ್ಪಷ್ಟ ಮಾಡುತ್ತೇನೆ, ಏಕೆಂದರೆ ಸಭೆಯಲ್ಲಿ ತಂದೆತಾಯಂದಿರು ಬಹಳ ಇದ್ದೀರಿ. ಗೂಲ್ಡ್ ದಿನಕ್ಕೆ ಹತ್ತು ಗಂಟೆ ಅಭ್ಯಾಸ ಮಾಡಿದವರಲ್ಲ. ದೊಡ್ಡವರಾದ ಮೇಲೆ ತಾನು ಪಿಯಾನೊ ಮುಂದೆ ಕೂರುವುದೇ ಕಡಿಮೆ, ಸ್ವರಲಿಪಿ ಓದಿಕೊಂಡು ತಲೆಯಲ್ಲೇ ಕಲಿಯುತ್ತೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಹಾಗಾಗಿ ನಾನು ಮಾತಾಡುತ್ತಿರುವುದು ಅಭ್ಯಾಸದ ಗಂಟೆಗಳ ಬಗ್ಗೆ ಅಲ್ಲ. ಹಿಡಿತದ ಬಗ್ಗೆ. ಒಂದು ಕೂದಲೆಳೆಯಷ್ಟೂ ನನ್ನ ಕೈಮೀರಬಾರದು ಅನ್ನುವ ಮನಸ್ಸಿನ ಬಗ್ಗೆ.

ಅಂಥ ಮನಸ್ಸಿಗೆ ಕಛೇರಿ ಎಂದರೆ ಯಾತನೆ. ಊರೂರಿಗೆ ಬೇರೆ ಪಿಯಾನೊ, ಬೇರೆ ಚಳಿ, ಕೆಮ್ಮುವ ಜನ. ನಮ್ಮ ಪಿಟೀಲು, ವೀಣೆಯವರು ತಮ್ಮ ವಾದ್ಯ ತಾವೇ ಹೊತ್ತೊಯ್ಯುತ್ತಾರೆ; ಪಿಯಾನೊದವರಿಗೆ ಆ ಭಾಗ್ಯವಿಲ್ಲ. ಕಾರ್ಯಕ್ರಮಗಳನ್ನು ಗೂಲ್ಡ್ ರದ್ದು ಮಾಡುವುದು ಮಾಮೂಲಾಯಿತು. 1959ರ ಡಿಸೆಂಬರ್‌ನಲ್ಲಿ ಪಿಯಾನೊ ತಯಾರಿಸುವ ಸ್ಟೈನ್‌ವೇ ಕಂಪನಿಯ ತಂತ್ರಜ್ಞರೊಬ್ಬರು ಸಲಿಗೆಯಿಂದ ಭುಜ ತಟ್ಟಿದರು. ಭುಜಕ್ಕೆ ಪೆಟ್ಟಾಯಿತು ಎಂದು ಗೂಲ್ಡ್ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದರು, ಮೇಲ್ಮೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡರು, ಕಂಪನಿಯ ಮೇಲೆ ದಾವೆ ಹೂಡಿದರು. ರಾಜಿಯಲ್ಲಿ ಮುಗಿಯಿತು. ನೋವು ಸುಳ್ಳು ಎಂದು ನಾನು ಹೇಳಲಾರೆ. ಆದರೆ ಇನ್ನೊಬ್ಬರ ಕೈ ತಾಗುವುದೇ ಅಪಾಯವಾಗಿ ಕಾಣತೊಡಗಿತ್ತು.

1964ರ ಏಪ್ರಿಲ್ 10, ಲಾಸ್ ಏಂಜಲೀಸ್. ಮಾಮೂಲಿನಂತೆ ನುಡಿಸಿದರು, ಎದ್ದು ಹೋದರು. ಇದೇ ಕೊನೆ ಎಂದು ಯಾರಿಗೂ ಹೇಳಲಿಲ್ಲ. ಆಗ ಅವರಿಗೆ ವಯಸ್ಸು ಮೂವತ್ತೊಂದು. ಮತ್ತೆ ಜನರೆದುರು ಪಿಯಾನೊ ಕಛೇರಿ ಕೊಡಲಿಲ್ಲ.

ಕಛೇರಿಯ ಬಗ್ಗೆ ಅವರ ದೂರು ಸರಳ: ಅಲ್ಲಿ ಎರಡನೇ ಟೇಕ್ ಇಲ್ಲ. ಸ್ಟುಡಿಯೊದಲ್ಲಿ ಇದೆ. ಆ ಎರಡನೇ ಅವಕಾಶವನ್ನು ಅವರು ಹೇಗೆ ಬಳಸಿದರು ಎನ್ನುವುದಕ್ಕೆ ಅವರೇ 1966ರಲ್ಲಿ ಬರೆದ ಒಂದು ಉದಾಹರಣೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಬಾಖ್‌ನ ಒಂದು ಫ್ಯೂಗ್, ಎ ಮೈನರ್ ಶ್ರುತಿಯದು. ಫ್ಯೂಗ್ ಎಂದರೆ ಒಂದು ಚಿಕ್ಕ ಸ್ವರಗುಚ್ಛವನ್ನು ಬೇರೆ ಬೇರೆ ದನಿಗಳು ಒಂದಾದ ಮೇಲೊಂದು ಎತ್ತಿಕೊಂಡು ಬೆಳೆಸುವ ರಚನೆ. ಎಂಟು ಟೇಕ್ ಆಯಿತು. ಆರನೆಯದರಲ್ಲೂ ಎಂಟನೆಯದರಲ್ಲೂ ಒಂದೇ ಒಂದು ತಪ್ಪಿಲ್ಲ. ಆರನೆಯದು ಗಂಭೀರ, ಸ್ವರಕ್ಕೆ ಸ್ವರ ಬೆಸೆದು ನುಡಿಸಿದ್ದು. ಎಂಟನೆಯದು ಹಗುರ, ಪುಟಿಯುವಂಥದ್ದು. ಕೆಲವು ವಾರ ಬಿಟ್ಟು ಕೂತು ಕೇಳಿದರೆ ಎರಡೂ ಬೇಸರ ತರಿಸಿದವು. ಮೊದಲಿನಿಂದ ಕೊನೆಯವರೆಗೆ ಒಂದೇ ಮುಖ. ಆಗ ಹೊಳೆದದ್ದು: ಎರಡರ ಲಯವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಕತ್ತರಿಸಿ ಅಂಟಿಸೋಣ. ಮೊದಲಿಗೂ ಕೊನೆಗೂ ಆರನೆಯದು, ರಚನೆ ಬೇರೆ ಬೇರೆ ಶ್ರುತಿಗಳಲ್ಲಿ ಅಲೆದಾಡುವ ನಡುಭಾಗಕ್ಕೆ ಎಂಟನೆಯದು. ಸ್ಟುಡಿಯೊದಲ್ಲಿ ನುಡಿಸುವಾಗ ತನಗೇ ತೋಚದಿದ್ದ ಒಂದು ನಡೆ ಎಡಿಟಿಂಗ್ ಮೇಜಿನ ಮೇಲೆ ಸಿಕ್ಕಿತು.

ನಮ್ಮಲ್ಲಿ ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದು ಕಲೆಯೇ. ಇನ್ನೊಂದು ತಮಾಷೆ ಕೇಳಿ. ಅವರ ಮೆಚ್ಚಿನ ಪಿಯಾನೊ, ಸಿಡಿ 318 ಎಂಬ ನಂಬರಿನದು, ಅದರ ಮನೆಗಳನ್ನು ತೀರಾ ಹಗುರ ಮಾಡಿಸಿ ಮಾಡಿಸಿ, ನಡುಸ್ಥಾಯಿಯ ಕೆಲವು ಸ್ವರಗಳು ಬಿಕ್ಕಳಿಸತೊಡಗಿದವು. ಬಾಖ್‌ನ ಇನ್ವೆನ್ಷನ್ ಎಂಬ ಚಿಕ್ಕ ರಚನೆಗಳ ರೆಕಾರ್ಡಿನಲ್ಲಿ ಆ ಬಿಕ್ಕಳಿಕೆ ಕೇಳಿಸುತ್ತದೆ. ತೆಗೆಯಲಿಲ್ಲ, ಹೊದಿಕೆಯ ಮೇಲೆ ಅದಕ್ಕೊಂದು ವಿವರಣೆ ಬರೆದು ಹಾಗೇ ಬಿಟ್ಟರು. ಕೇಳುಗರಿಗೆ ದೋಷ ಅನ್ನಿಸುವುದು ಅವರಿಗೆ ದೋಷವಲ್ಲ. ಕೇಳುಗರಿಗೆ ಗೊತ್ತೇ ಆಗದ್ದು ಅವರಿಗೆ ಸಹಿಸಲಾರದ್ದು. ಹೊರಗಿನವರು ಎಷ್ಟು ಹೊಗಳಿದರೂ ಇಂಥವರಿಗೆ ಸಮಾಧಾನ ಆಗದಿರುವುದು ಇದಕ್ಕೇ. ಅಳತೆಗೋಲು ಬೇರೆ ಯಾರ ಕೈಯಲ್ಲೂ ಇರುವುದಿಲ್ಲ.

ಆ ಪಿಯಾನೊ 1971ರಲ್ಲಿ ಸಾಗಿಸುವಾಗ ಬಿದ್ದು, ಒಳಗಿನ ಕಬ್ಬಿಣದ ಚೌಕಟ್ಟು ಬಿರಿಯಿತು. ರಿಪೇರಿ ಮಾಡಿದರೂ ಹಳೆಯ ಕೈಗೆ ಬರಲಿಲ್ಲ. ಕಣ್ಣು ಅಷ್ಟಾಗಿ ಕಾಣದ ವೆರ್ನ್ ಎಡ್‌ಕ್ವಿಸ್ಟ್ ಎಂಬ ಶ್ರುತಿಗಾರರು ವರ್ಷಗಟ್ಟಲೆ ಅದರ ಜೊತೆ ಗುದ್ದಾಡಿದರು. ಗೂಲ್ಡ್ ಬೇರೆ ವಾದ್ಯಕ್ಕೆ ಹೋಗಲು ಒಪ್ಪಲಿಲ್ಲ. ಕೊನೆಗೆ ಯಮಾಹಾ ಒಂದಕ್ಕೆ ಒಪ್ಪಿದ್ದು ಸಾಯುವ ಮುಂಚಿನ ವರ್ಷಗಳಲ್ಲಿ.

ಈಗ ಮನುಷ್ಯರ ವಿಷಯಕ್ಕೆ ಬರೋಣ. ಎರಡನೇ ಟೇಕ್ ಕೈಯಲ್ಲಿರುವ ಜಗತ್ತಿಗೆ ಒಗ್ಗಿದವರಿಗೆ, ಎರಡನೇ ಟೇಕ್ ಇಲ್ಲದ ಜಗತ್ತು ಅಸಹನೀಯ. ಸಂಸಾರ, ಸ್ನೇಹ ಇವೆಲ್ಲ ಒಂದೇ ಟೇಕಿನವು. ಗೂಲ್ಡ್ ಸ್ನೇಹವನ್ನು ಫೋನಿಗೆ ತಂದಿಟ್ಟರು. ನಡುರಾತ್ರಿ ಫೋನ್ ಮಾಡಿ ಗಂಟೆಗಟ್ಟಲೆ ಮಾತು. ಆ ಕಡೆಯವರಿಗೆ ತೂಕಡಿಕೆ ಬಂದರೂ ನಿಲ್ಲುತ್ತಿರಲಿಲ್ಲ. ಹಗಲು ನಿದ್ದೆ, ರಾತ್ರಿ ಕೆಲಸ. ದಿನಕ್ಕೊಂದು ಊಟ, ಅದೂ ರಾತ್ರಿಯಿಡೀ ತೆರೆದಿರುವ ಹೋಟೆಲಿನಲ್ಲಿ ಮೊಟ್ಟೆ. ಒಬ್ಬ ಚಿತ್ರಕಲಾವಿದೆ ಅವರನ್ನು ನಂಬಿ ಇಬ್ಬರು ಮಕ್ಕಳೊಂದಿಗೆ ಟೊರಾಂಟೊಗೆ ಬಂದು ನಾಲ್ಕೈದು ವರ್ಷ ಇದ್ದರು. ಗೂಲ್ಡ್ ಅವರ ಶಂಕೆಗಳನ್ನು ತಾಳಲಾರದೆ 1972ರಲ್ಲಿ ವಾಪಸು ಹೋದರು. ಹದಿನೈದು ವರ್ಷ ಜೊತೆಗಿದ್ದ ರೆಕಾರ್ಡ್ ನಿರ್ಮಾಪಕರೊಬ್ಬರ ಸಂಬಂಧವನ್ನು ಗೂಲ್ಡ್ ಥಟ್ಟನೆ ಕಡಿದುಕೊಂಡರು. ಅತ್ತ ಹಲವು ವೈದ್ಯರು, ಒಬ್ಬರು ಬರೆದ ಔಷಧಿ ಇನ್ನೊಬ್ಬರಿಗೆ ಗೊತ್ತಿಲ್ಲ. ರಕ್ತದೊತ್ತಡ ತಾವೇ ನೋಡಿಕೊಂಡು ದಿನಕ್ಕೆ ಹಲವು ಸಲ, ಹೊತ್ತು ಸಮೇತ ಬರೆದಿಟ್ಟ ಹಾಳೆಗಳಿವೆ. ಕಂಟ್ರೋಲ್ ರೂಮಿನಲ್ಲಿ ಮೀಟರಿನ ಮುಳ್ಳು ನೋಡುವ ಎಂಜಿನಿಯರು ಈಗ ತನ್ನ ಮೈಯ ಮುಳ್ಳನ್ನೇ ನೋಡುತ್ತಾ ಕೂತಿದ್ದರು.

1975ರಲ್ಲಿ ತಾಯಿ ತೀರಿಕೊಂಡರು. ಹತ್ತನೇ ವಯಸ್ಸಿನವರೆಗೆ ಪಿಯಾನೊ ಕಲಿಸಿದ್ದು ಆ ತಾಯಿಯೇ. ಎರಡು ವರ್ಷದ ನಂತರ ಕೈಯ ತೊಂದರೆ. 1977ರ ಸೆಪ್ಟೆಂಬರ್‌ನಿಂದ ಮರುವರ್ಷದ ಬೇಸಿಗೆಯವರೆಗಿನ ಡೈರಿ ಉಳಿದಿದೆ. ನಾನು ಮೊದಲು ಹೇಳಿದ ನೋಟ್‌ಬುಕ್ ಅದೇ. ಒಂದು ದಿನ ಭುಜ ಹೀಗಿಟ್ಟು ನೋಡಿದೆ, ಸ್ವರಗಳು ಸಮನಾಗಿ ಬಂದವು. ಮರುದಿನ ಅದು ಕೆಲಸಕ್ಕೆ ಬರಲಿಲ್ಲ. ಆಮೇಲೆ ಮಣಿಕಟ್ಟು, ಆಮೇಲೆ ಹೆಬ್ಬೆರಳು, ಆಮೇಲೆ ಕತ್ತು. ಪ್ರತಿಯೊಂದು ಹೊಸ ಉಪಾಯಕ್ಕೂ ಎರಡು ದಿನದ ಆಸೆ, ಆಮೇಲೆ ಕುಸಿತ. ಐದನೇ ವಯಸ್ಸಿಗೆ ತಾನಾಗಿ ಓಡುತ್ತಿದ್ದ ಕೈಯನ್ನು ನಲವತ್ತೈದರಲ್ಲಿ ಬಿಡಿಭಾಗಗಳಾಗಿ ಬಿಚ್ಚಿ ಜೋಡಿಸಲು ಹೊರಟಿದ್ದರು. ಇದು ಡಿಸ್ಟೋನಿಯಾ ಇದ್ದಿರಬಹುದು ಎಂದು ಡೈರಿ ಓದಿದ ನರವಿಜ್ಞಾನಿಯೊಬ್ಬರು ಮುಂದೆ ಊಹಿಸಿದರು. ಆಗ ಯಾವ ವೈದ್ಯರೂ ಹಾಗೆ ಹೆಸರಿಟ್ಟಿರಲಿಲ್ಲ.

ಡಿಸ್ಟೋನಿಯಾ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೆದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗವಿದೆ. ಅದೇ ಚಲನೆಯನ್ನು ಸಾವಿರಾರು ಸಲ, ವೇಗವಾಗಿ, ಬಿಗಿಹಿಡಿದು ಮಾಡುತ್ತಾ ಹೋದರೆ ಕೆಲವರಲ್ಲಿ ಪಕ್ಕಪಕ್ಕದ ಗದ್ದೆಗಳ ನಡುವಿನ ಬದು ಕೊಚ್ಚಿಹೋದಂತೆ ಆ ಜಾಗಗಳು ಕಲೆಸಿಹೋಗುತ್ತವೆ. ಉಂಗುರ ಬೆರಳಿಗೆ ಹೇಳಿದರೆ ಕಿರುಬೆರಳೂ ಮಡಚಿಕೊಳ್ಳುತ್ತದೆ. ನೋವಿರುವುದಿಲ್ಲ. ಊಟ ಮಾಡಲು, ಗುಂಡಿ ಹಾಕಲು ಕೈ ಸರಿಯಾಗೇ ಇರುತ್ತದೆ. ವಾದ್ಯದ ಮೇಲೆ ಇಟ್ಟ ಕೂಡಲೇ ಕೆಡುತ್ತದೆ. ಅದಕ್ಕೇ ಗುರುಗಳು ಸೋಮಾರಿತನ ಅನ್ನುತ್ತಾರೆ. ವಾದ್ಯಗಾರರಲ್ಲಿ ನೂರಕ್ಕೆ ಒಬ್ಬರಿಗೆ ಇದು ಬರುತ್ತದೆ ಎಂಬ ಅಂದಾಜಿದೆ. ಕೊಳಲಿನಂಥ ಊದುವ ವಾದ್ಯದವರಿಗೆ ತುಟಿಗೂ ಬರಬಹುದು. ಜರ್ಮನಿಯ ಹ್ಯಾನೋವರ್‌ನಲ್ಲಿ ಸಂಗೀತಗಾರರ ಕಾಯಿಲೆಗಳನ್ನೇ ನೋಡುವ ವೈದ್ಯರು ಇಂಥವರನ್ನು ಪರೀಕ್ಷಿಸಿ, ಇವರಲ್ಲಿ ಆತಂಕವೂ ಪರಿಪೂರ್ಣತೆಯ ಗೀಳೂ ಉಳಿದ ವಾದ್ಯಗಾರರಿಗಿಂತ ಹೆಚ್ಚು ಎಂದು ಕಂಡುಕೊಂಡರು. ಎಲ್ಲ ಗೀಳಿನವರಿಗೂ ಇದು ಬರುತ್ತದೆ ಎಂದಲ್ಲ. ಬಂದವರಲ್ಲಿ ಗೀಳಿನವರು ಜಾಸ್ತಿ.

ಇದಕ್ಕೆ ತೆರೆದಿಟ್ಟ ಉದಾಹರಣೆ ಅಮೆರಿಕದ ಪಿಯಾನೊ ವಾದಕ ಲಿಯೋನ್ ಫ್ಲೈಶರ್. 1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ, ಹದಿನಾರಕ್ಕೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ನುಡಿಸಿ, 1952ರಲ್ಲಿ ಬ್ರಸೆಲ್ಸ್‌ನ ರಾಣಿ ಎಲಿಜಬೆತ್ ಸ್ಪರ್ಧೆ ಗೆದ್ದವರು. 1964ರ ಸುಮಾರಿಗೆ, ಅಂದರೆ ಗೂಲ್ಡ್ ವೇದಿಕೆ ಬಿಟ್ಟ ಹೊತ್ತಿಗೆ, ಇವರ ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಸುರುಟತೊಡಗಿದವು. ನಮ್ಮಲ್ಲಿ ಯಾರಾದರೂ ಏನು ಮಾಡುತ್ತಿದ್ದೆವೋ ಅದನ್ನೇ ಅವರೂ ಮಾಡಿದರು: ಇನ್ನಷ್ಟು ಸಾಧನೆ. ಬೆರಳು ಇನ್ನಷ್ಟು ಸುರುಟಿತು. ಕ್ಲೀವ್‌ಲ್ಯಾಂಡ್ ವಾದ್ಯವೃಂದದ ಜೊತೆ ಸೋವಿಯತ್ ಪ್ರವಾಸಕ್ಕೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಮೂವತ್ತಾರು, ಮೂವತ್ತೇಳರ ವಯಸ್ಸು. ಮದುವೆ ಮುರಿಯಿತು. ಆತ್ಮಹತ್ಯೆಯ ಯೋಚನೆಯೂ ಬಂದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ.

ಆಮೇಲೆ ಫ್ಲೈಶರ್ ಗೂಲ್ಡ್ ಅವರ ಹಾದಿ ಬಿಟ್ಟು ಇನ್ನೊಂದು ಹಾದಿ ಹಿಡಿದರು. ಬಾಗಿಲು ಹಾಕಿಕೊಳ್ಳಲಿಲ್ಲ. ಎಡಗೈಗೆಂದೇ ಬರೆದ ರಚನೆಗಳನ್ನು ನುಡಿಸಿದರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ ಪೌಲ್ ವಿಟ್‌ಗೆನ್‌ಸ್ಟೈನ್‌ಗಾಗಿ ಫ್ರೆಂಚ್ ರಚನಕಾರ ರಾವೆಲ್ ಬರೆದ ಕನ್ಸರ್ಟೊ, ಅಂದರೆ ವಾದ್ಯವೃಂದದ ಜೊತೆ ನುಡಿಸುವ ಕೃತಿ, ಅವುಗಳಲ್ಲಿ ಮುಖ್ಯ. ವಾದ್ಯವೃಂದ ನಡೆಸಿದರು. ಬಾಲ್ಟಿಮೋರ್‌ನ ಪೀಬಡಿ ಸಂಗೀತಶಾಲೆಯಲ್ಲಿ ಪಾಠ ಮುಂದುವರಿಸಿದರು. ಕೈಯಿಂದ ತೋರಿಸಿಕೊಡಲಾಗದ್ದರಿಂದ ಬಾಯಲ್ಲಿ ಹೇಳಬೇಕಾಯಿತು, ಅದರಿಂದ ತನ್ನ ಪಾಠ ಸುಧಾರಿಸಿತು ಎನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದು ಸಿಕ್ಕಿತು. ಅದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಕಾಯಿಲೆಯನ್ನು ತೆಗೆಯುವುದಿಲ್ಲ. 2004ರಲ್ಲಿ, ಸುಮಾರು ನಲವತ್ತು ವರ್ಷದ ನಂತರ, ಎರಡೂ ಕೈಯ ರೆಕಾರ್ಡ್ ಹೊರಬಂತು. ಕೊನೆಯಲ್ಲಿ ಶೂಬರ್ಟ್‌ನ ಬಿ ಫ್ಲಾಟ್ ಸೊನಾಟಾ ಇದೆ. ಯುವಕನಾಗಿದ್ದಾಗಿನ ಉಕ್ಕಿನಂಥ ಕೈ ಅಲ್ಲ ಅದು. ಕೇಳಿ, ಆಮೇಲೆ ಮಾತಾಡೋಣ. ಅವರು 2020ರವರೆಗೆ, ತೊಂಬತ್ತೆರಡು ವರ್ಷ ಬದುಕಿದರು.

ಗೂಲ್ಡ್ ಕೈಯೂ ಒಂದು ಮಟ್ಟಕ್ಕೆ ಮರಳಿತು. 1981ರಲ್ಲಿ ಅದೇ ಸ್ಟುಡಿಯೊದಲ್ಲಿ ಗೋಲ್ಡ್‌ಬರ್ಗ್ ಮತ್ತೆ ನುಡಿಸಿದರು. ಮೊದಲ ಸಲ ಮೂವತ್ತೆಂಟು ನಿಮಿಷ, ಈ ಸಲ ಐವತ್ತೊಂದು. ಹಳೆಯದನ್ನು ನುಡಿಸಿದ ಹುಡುಗನ ಮನೋಧರ್ಮ ತನ್ನದೆಂದು ಅನ್ನಿಸುವುದಿಲ್ಲ ಎಂದರು. 1982ರ ಸೆಪ್ಟೆಂಬರ್‌ನಲ್ಲಿ ಆ ರೆಕಾರ್ಡ್ ಬಿಡುಗಡೆಯಾಯಿತು. ಅದೇ ತಿಂಗಳು 25ಕ್ಕೆ ಐವತ್ತು ತುಂಬಿತು, 27ಕ್ಕೆ ಪಾರ್ಶ್ವವಾಯು ಹೊಡೆಯಿತು, ಅಕ್ಟೋಬರ್ 4ಕ್ಕೆ ಹೋದರು.

'ಅಷ್ಟು ಕಷ್ಟಪಟ್ಟಿದ್ದಕ್ಕೇ ಅಲ್ಲವೇ ಅಂಥ ಸಂಗೀತ ಬಂದದ್ದು?' ಎಂದು ಈಗ ಯಾರಾದರೂ ಕೇಳಿಯೇ ಕೇಳುತ್ತೀರಿ. 1981ರ ರೆಕಾರ್ಡ್ ನನಗೂ ಪ್ರಾಣ. ಆದರೆ ಲೆಕ್ಕ ನೋಡಿ. ಮೈಯ ಒಂದೊಂದು ಸ್ನಾಯುವನ್ನೂ ಹಿಡಿತಕ್ಕೆ ತರಲು ಹೊರಟ ಆ ಡೈರಿಯ ಕಾಲದಲ್ಲಿ ಅವರ ಪಿಯಾನೊ ರೆಕಾರ್ಡಿಂಗ್ ನಿಂತೇಹೋಗಿತ್ತು. ಫ್ಯೂಗ್‌ನ ಎರಡು ಟೇಕ್ ಸೇರಿಸಿದ ಬುದ್ಧಿಯಿಂದ ಸಂಗೀತ ಬಂತು. ರಕ್ತದೊತ್ತಡದ ಹಾಳೆಗಳಿಂದ ಬರಲಿಲ್ಲ. ಎರಡೂ ಒಬ್ಬರದೇ ತಲೆಯಿಂದ ಹೊರಟವು ಅಂದಮಾತ್ರಕ್ಕೆ ಒಂದರ ಶ್ರೇಯಸ್ಸು ಇನ್ನೊಂದಕ್ಕೆ ಹೋಗಬೇಕಿಲ್ಲ.

ನಮ್ಮಲ್ಲಿ ಜುಟ್ಟನ್ನು ಸೂರಿಗೆ ಕಟ್ಟಿಕೊಂಡು ಸಾಧನೆ ಮಾಡಿದ ಉಸ್ತಾದರ ಕಥೆ ಇದೆ, ತಂತಿ ಕೊಯ್ದು ರಕ್ತ ಬಂದರೂ ನಿಲ್ಲಿಸದವರ ಕಥೆ ಇದೆ. ಪಾಠ ಹೇಳುವಾಗ ನಾವು ಈ ಕಥೆಗಳನ್ನು ಧಾರಾಳವಾಗಿ ಹಂಚುತ್ತೇವೆ. ಹಾಗೆ ಮಾಡಹೋಗಿ ವಾದ್ಯವನ್ನೇ ಅಟ್ಟಕ್ಕೆ ಹಾಕಿದವರ ಕಥೆ ಯಾವ ಸಭೆಯಲ್ಲೂ ಬರುವುದಿಲ್ಲ. ಬೆರಳು ತಪ್ಪತೊಡಗಿದಾಗ ಮಗು ಹೆಚ್ಚು ಹೊತ್ತು ಕೂರುತ್ತಿದೆ, ಕೂತಷ್ಟೂ ಕೆಡುತ್ತಿದೆ ಎಂದರೆ, ವಾದ್ಯ ಕೆಳಗಿಡಿಸಿ. ಕೆಲವು ವಾರದಲ್ಲಿ ಸರಿಹೋಗದಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಚಲನೆಯ ದೋಷಗಳನ್ನು ನೋಡುವವರಿದ್ದಾರೆ. ಹೋಗುವಾಗ ವಾದ್ಯ ಜೊತೆಗಿರಲಿ. ಬರಿಗೈ ತೋರಿಸಿದರೆ ಅವರಿಗೇನೂ ಕಾಣುವುದಿಲ್ಲ.

ಮಾತು ಮುಗಿದ ಮೇಲೆ ತಾಯಿಯೊಬ್ಬರು ಕೇಳಿದರು: 'ಮಗಳು ವೀಣೆ ನುಡಿಸುತ್ತಾಳೆ. ಒಂದು ಸ್ವರ ತಪ್ಪಿದರೂ ವರ್ಣ ಪೂರ್ತಿ ಮತ್ತೆ ಮೊದಲಿಂದ ಶುರು ಮಾಡುತ್ತಾಳೆ. ಅಳುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. ಏನು ಮಾಡಲಿ?'

ಅಮ್ಮಾ, ಹಾಗೆ ಮಾಡುವ ಮಗುವಿಗೆ ಪಲ್ಲವಿ ದಿನಕ್ಕೆ ಇಪ್ಪತ್ತು ಸಲ ಸಿಗುತ್ತದೆ, ಕೊನೆಯ ಚರಣಸ್ವರ ಒಂದು ಸಲ ಸಿಕ್ಕಿದರೆ ಹೆಚ್ಚು. ಅವಳ ವರ್ಣದ ಕೊನೆ ಯಾವಾಗಲೂ ಹಸಿಯಾಗಿರುತ್ತದೆ, ಅಲ್ಲೇ ತಪ್ಪುತ್ತಾಳೆ, ಮತ್ತೆ ಅಳುತ್ತಾಳೆ. ನಾಳೆ ಚರಣಸ್ವರದಿಂದ ಶುರು ಮಾಡಿಸಿ. ತಪ್ಪಿದ ಕಡೆ ತಾಳ ನಿಲ್ಲಿಸದೆ ಮುಂದಕ್ಕೆ ಹೋಗುವುದು, ಮುಗಿದ ಮೇಲೆ ಬಂದು ಆ ಒಂದು ಆವರ್ತವನ್ನು ಮಾತ್ರ ನಿಧಾನಕ್ಕೆ ನೋಡುವುದು. ತಾಳ ನೀವೇ ಹಾಕಿ, ಅವಳ ಗುರುಗಳ ಹತ್ತಿರವೂ ಒಂದು ಮಾತು ಹೇಳಿ. ಮೊದಲ ವಾರ ನಿಮ್ಮ ಮೇಲೆ ಸಿಟ್ಟಾಗುತ್ತಾಳೆ, ಅದಕ್ಕೆ ನೀವು ತಯಾರಿರಬೇಕು.